ಉಳಿದ ಬಿಸಿಲು

"ಅಮ್ಮಾ, ಚಾಕ್ಕೆ ನೀರಿಟ್ರಾ?"

ಕೆಳಗಿನ ಪೋರ್ಚಿನಿಂದ ದನಿ ಬಂತು. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಶುಭಾಂಗಿಯ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಅಡಿಗೆಮನೆ ಇರುವುದು ಹಿಂದೆ. ಪೋರ್ಚು ಮುಂದೆ. ನಡುವೆ ಎರಡು ಗೋಡೆ, ಮುಚ್ಚಿದ ಒಂದು ಬಾಗಿಲು. ಇಂಡಕ್ಷನ್ ಒಲೆ ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ. ಅತ್ತಿ ನೀರಿಟ್ಟದ್ದು ಇವನಿಗೆ ಹೇಗೆ ತಿಳಿಯಿತು?

"ಇಟ್ಟೇನಪಾ. ಅಲ್ಲೀತನಾ ವಾಸನಿ ಬಂತೇನು?" ಸೋದರತ್ತಿ ಚನ್ನವ್ವನ ದನಿಯಲ್ಲಿ ನಗು.

"ವಾಸನೆ ಎಂತದ್ದು, ನೀವು ಇನ್ನು ಪುಡಿಯೇ ಹಾಕ್ಲಿಲ್ಲ! ನನ್ನ ಕಾರು ಚಾರ್ಜ್ ಆಗೋದು ನಿಂತಿತು. ನಿಮ್ಮ ಒಲೆ ಹೊತ್ತಿದ್ರೆ ನನ್ನ ಕಾರಿನ ಹೊಟ್ಟೆಗೆ ತಣ್ಣೀರು ಬಟ್ಟೆ."

ಅತ್ತಿ ಗಟ್ಟಿಯಾಗಿ ನಕ್ಕಳು. ಶುಭಾಂಗಿ ನಗಲಿಲ್ಲ. ಎದ್ದು ಹೋಗಿ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿದಳು. ಹಸಿರು ಬಣ್ಣದ ಪುಟ್ಟ ಕಾರಿಗೆ ಒರಗಿ ದೂಜ ನಿಂತಿದ್ದ. ಕೈಯಲ್ಲಿ ಮೊಬೈಲು. ತುಟಿಯ ಮೂಲೆಯಲ್ಲಿ ಇನ್ನೂ ಆರದ ನಗು. ನೋಡಲು ಚೆನ್ನಾಗಿಯೇ ಇದ್ದ. ಅದೇ ಮೊದಲನೆಯ ಅನುಮಾನ.

ಮೂರು ತಿಂಗಳ ಹಿಂದೆ ಮುಂಬೈಯ ಚಾರ್ಕೋಪಿನ ಈ ರೋ ಹೌಸಿನ ತಾರಸಿಯ ಮೇಲೆ ಶುಭಾಂಗಿ ಸೋಲಾರ್ ಹಾಕಿಸಿದ್ದಳು. ನೆಟ್ ಮೀಟರಿನ ಅರ್ಜಿ ಇನ್ನೂ ಸರದಿಯಲ್ಲಿತ್ತು. ಅದು ಬರುವತನಕ ಮನೆ ಬಳಸಿ ಉಳಿದ ಕರೆಂಟು ಹೊರಗಿನ ತಂತಿಗೆ ಹೋಗುವಂತಿಲ್ಲ, ತಾರಸಿಯ ಮೇಲೆಯೇ ಇಂಗಿಹೋಗುತ್ತದೆ. ಚನ್ನವ್ವನಿಗೆ ಇದನ್ನು ತಾಳಲಾಗಲಿಲ್ಲ. "ಕಣದಾಗ ರಾಶಿ ಬಿದ್ದು ಮೊಳಕಿ ಒಡದಂಗ ಆತಲ್ಲವಾ" ಎಂದು ಎರಡು ವಾರ ಗೊಣಗಿದಳು. ಮೂರನೆಯ ವಾರ ಶುಭಾಂಗಿ ಅಂಧೇರಿಯ ಆಫೀಸಿನಿಂದ ಬಂದಾಗ ಪೋರ್ಚಿನ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಕೂತಿತ್ತು. ನಾಲ್ಕು ಸ್ಕ್ರೂ, ಒಂದು ದಪ್ಪ ವೈರು.

"ಎದುರಿನ ಬಿಲ್ಡಿಂಗಿನ ಹುಡುಗ. ಅಂಧೇರಿ ಸ್ಟೇಷನ್ ಹತ್ರ ಉಡುಪಿ ಹೋಟೆಲ್ಲಿನಾಗ ಮ್ಯಾನೇಜರ್ ಅಂತ. ಸಂಜಿ ಡ್ಯೂಟಿ. ಮುಗಿಯೂದರಾಗ ಲೋಕಲ್ ಟ್ರೇನ್ ನಿಂತಿರತಾವಂತ, ಅದಕ ಕರೆಂಟ್ ಗಾಡಿ ತಗೊಂಡಾನ. ಅವರ ಸೊಸೈಟಿಯವರು ಪಾರ್ಕಿಂಗಿನಾಗ ಪಾಯಿಂಟ್ ಕೊಡಲಿಲ್ಲಂತ. ಉಳಿದ ಬಿಸಲು ಅವಗಾದ್ರೂ ಆಗಲಿ."

"ನನ್ನ ಕೇಳಲಾರದ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ ಕೇಳಲಿಲ್ಲ."

"ಹೆಸರೇನು ಅವಂದು?"

"ದೂಜ."

"ದೂಜಾ? ಹಿಂದಿಯೊಳಗ ದೂಜಾ ಅಂದ್ರ ಎರಡನೇದವ. ಹಂಗಾದ್ರ ಪಹಿಲಾ ಯಾರು?"

"ಅವರಜ್ಜ. ಅಜ್ಜನ ಹೆಸರಿಟ್ಟಾರಂತ. ಸರಿಯಾಗೇ ಐತಲ್ಲ." ಅತ್ತಿ ಸೊಪ್ಪು ಸೋಸುತ್ತ ಮಾತು ಮುಗಿಸಿದ್ದಳು.

ಅಂದಿನಿಂದ ದೂಜ ವಾರಕ್ಕೆರಡು ಸಲ ಬರುತ್ತಿದ್ದ. ಬಿಳಿ ಪೆಟ್ಟಿಗೆಗೆ ಒಂದು ಗುಣವಿತ್ತು: ಮನೆಗೆ ಬೇಕಾದದ್ದನ್ನು ಮನೆಗೇ ಬಿಟ್ಟು, ಉಳಿದದ್ದನ್ನು ಮಾತ್ರ ಕಾರಿಗೆ ಕೊಡುತ್ತಿತ್ತು. ಒಳಗೆ ಒಲೆ, ಗೀಸರು ಏನಾದರೂ ಹತ್ತಿದರೆ ಕಾರಿನ ಪಾಲು ನಿಲ್ಲುತ್ತಿತ್ತು. ಅಷ್ಟು ಅವಳಿಗೂ ಗೊತ್ತಿತ್ತು. ಆದರೆ ಅದರ ಇನ್ನೊಂದು ಅರ್ಥ ಹೊಳೆದದ್ದು ಇವತ್ತೇ. ಇವನು ಹೊರಗೆ ನಿಂತು ನಮ್ಮ ಮನೆಯನ್ನು ಓದಬಲ್ಲ. ಯಾವಾಗ ಸ್ನಾನ, ಯಾವಾಗ ಅಡಿಗೆ, ಯಾವಾಗ ಮನೆಯಲ್ಲಿ ಯಾರೂ ಇಲ್ಲ, ಎಲ್ಲ ಆ ಮೊಬೈಲಿನಲ್ಲಿದೆ.

ಅವಳ ಕೆಲಸವೇ ನಂಬದಿರುವುದು. ಒಂದು ವಿಮಾ ಕಂಪನಿಯಲ್ಲಿ ಗಾಡಿಗಳ ಕ್ಲೇಮ್ ಪರೀಕ್ಷಿಸುವವಳು. ಒಡೆದ ಬಂಪರಿನ ಫೋಟೊ ನೋಡಿ ಬೇರೆಯವರು ಅಯ್ಯೋ ಎಂದರೆ, ಅವಳು ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಡಿಕ್ಕಿಯಾಯಿತು ಎಂದು ಬರೆದವನ ಫೋಟೊದಲ್ಲಿ ಸಂಜೆಯ ಬಿಸಿಲು ಏಕಿದೆ ಎಂದು ಕೇಳುತ್ತಾಳೆ.

ಮಂಗಳವಾರ, ಶುಕ್ರವಾರ ಅವಳಿಗೆ ಮನೆಯಿಂದ ಕೆಲಸ. ದೂಜ ಬರುವುದೂ ಮಂಗಳವಾರ, ಶುಕ್ರವಾರವೇ. ವಾರಕ್ಕೆ ಏಳು ದಿನ ಬಿಸಿಲು ಬೀಳುತ್ತದಲ್ಲ?

ಹೀಗೆ ಯೋಚಿಸುವುದನ್ನು ಅವಳಿಗೆ ಕಲಿಸಿದ್ದು ಆಫೀಸೊಂದೇ ಅಲ್ಲ. ಎರಡು ವರ್ಷದ ಹಿಂದೆ ಚೇತನ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ಜುಹು ಬೀಚಿನಲ್ಲಿ ಭೇಲ್ ತಿನ್ನುತ್ತ, ಅವಳ ಹಣೆಗೆ ಬಿದ್ದ ಕೂದಲನ್ನು ಹಿಂದೆ ಸರಿಸುತ್ತ, ಅವನು ಮೆಲ್ಲಗೆ ಕೇಳಿದ್ದ: "ನಿಮ್ಮ ಮನೀ ಟೆರೇಸ್ ಯಾರ ಹೆಸರಿನಾಗ ಐತಿ? ಮ್ಯಾಲೆ ಎರಡು ಮಾಳಗಿ ಏರಸಬಹುದಲ್ಲ?" ಅಪ್ಪ ರೇಲ್ವೆಯಲ್ಲಿದ್ದಾಗ ಕಟ್ಟಿಸಿಕೊಂಡ, ಈಗ ಅವಳ ಹೆಸರಿನಲ್ಲಿರುವ ಮನೆ. ಮುಂಬೈಯಲ್ಲಿ ಸ್ವಂತ ತಾರಸಿಯಿರುವ ಹೆಣ್ಣಿನ ಕಣ್ಣು ಎಷ್ಟು ಚಂದ ಎಂದು ಯಾರಾದರೂ ಹೇಳಿದರೆ, ಅವರು ನೋಡುತ್ತಿರುವುದು ಕಣ್ಣನ್ನೋ ತಾರಸಿಯನ್ನೋ? ಆ ಮದುವೆ ಅಲ್ಲಿಗೇ ನಿಂತಿತು. ಆ ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಆ ಶುಕ್ರವಾರ ಅವಳು ಒಂದು ಪರೀಕ್ಷೆ ಇಟ್ಟಳು. ದೂಜ ಕಾರಿಗೆ ವೈರು ಚುಚ್ಚಿ, ಪೋರ್ಚಿನ ಮೆಟ್ಟಿಲ ಮೇಲೆ ಪೇಪರು ಬಿಡಿಸಿ ಕೂತ ಮೇಲೆ, ಕಿಟಕಿಯ ಬಳಿ ಇಸ್ತ್ರಿ ಪೆಟ್ಟಿಗೆ ಹಚ್ಚಿದಳು. ಬಿಳಿ ಪೆಟ್ಟಿಗೆಯ ಹಸಿರು ದೀಪ ಆರಿತು. ಅವನು ಪೇಪರಿನಿಂದ ತಲೆಯೆತ್ತಿದ. ಸೀದಾ ಕಿಟಕಿಯತ್ತ ನೋಡಿದ. ಅವಳು ಸರಕ್ಕನೆ ಹಿಂದೆ ಸರಿದು ಇಸ್ತ್ರಿ ಆರಿಸಿದಳು. ಹಸಿರು ದೀಪ ಮತ್ತೆ ಬಂತು.

ಐದು ನಿಮಿಷ ಬಿಟ್ಟು ಮತ್ತೆ ಹಚ್ಚಿದಳು. ಈ ಸಲ ಅವನು ಪೇಪರಿನಿಂದ ಕಣ್ಣೆತ್ತಲಿಲ್ಲ. "ಕಾಟನ್ ಸೀರೆಯಾ ಮೇಡಂ? ನಿಧಾನ ಮಾಡಿ, ನನಗೆ ಅರ್ಜೆಂಟಿಲ್ಲ" ಎಂದು ಪೇಪರಿಗೇ ಹೇಳಿದಂತೆ ಹೇಳಿದ.

ಅವಳ ಕಿವಿ ಬಿಸಿಯಾಯಿತು. ಇಸ್ತ್ರಿಯ ಕಾವಿರಬೇಕು.

ಮೂರನೆಯ ಸಲ ಹಚ್ಚುವಾಗ ಇಸ್ತ್ರಿ ಮಾಡಲು ಬಟ್ಟೆ ಉಳಿದಿರಲಿಲ್ಲ. ದೀಪ ಆರಿತು. ಅವನು ತಲೆಯೆತ್ತಿದ. ಅವಳು ಪರದೆಯ ಹಿಂದೆ ಸರಿಯಲು ಮರೆತಳು. ಒಂದು ಗಳಿಗೆ ಇಬ್ಬರೂ ನೋಡಿದರು. ಮೊದಲು ನೋಟ ತೆಗೆದದ್ದು ಅವನು. ಕಳ್ಳ ಮೊದಲು ಕಣ್ಣು ತಪ್ಪಿಸುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಾಚಿದವನೂ ತಪ್ಪಿಸುತ್ತಾನೆ ಎಂಬ ಇನ್ನೊಂದು ಮಾತು ಬಂತು. ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಕೆಲಸ ಮುಗಿದ ಮೇಲೆ ಅವಳು ತನ್ನ ಮೊಬೈಲಿನಲ್ಲಿ ಬಿಳಿ ಪೆಟ್ಟಿಗೆಯ ಆ್ಯಪ್ ತೆರೆದು ಹಳೆಯ ದಾಖಲೆಗಳನ್ನೆಲ್ಲ ಇಳಿಸಿಕೊಂಡಳು. ಮೊದಮೊದಲು ಬಂದಾಗಲೆಲ್ಲ ಕಾರು ಎಂಟು, ಹತ್ತು ಯೂನಿಟ್ ಕುಡಿದಿತ್ತು. ಕಳೆದ ನಾಲ್ಕು ವಾರದಿಂದ ಒಂದೂವರೆ. ಒಂದು. ಮೊನ್ನೆ ಮಂಗಳವಾರ ಅರ್ಧಕ್ಕಿಂತ ಕಡಿಮೆ.

ಕಾರು ತುಂಬಿಕೊಂಡೇ ಬರುತ್ತಿದೆ. ಬೇರೆಲ್ಲೋ ಚಾರ್ಜ್ ಆಗಿ, ಬಳಿಕ ಇಲ್ಲಿ ಬಂದು ಎರಡು ತಾಸು ನಿಲ್ಲುತ್ತಿದೆ.

ಹೊಟ್ಟೆ ತುಂಬಿದವನು ಪಂಕ್ತಿಯಲ್ಲಿ ಬಂದು ಕೂತರೆ ಅವನ ಕಣ್ಣು ಎಲೆಯ ಮೇಲಿರುವುದಿಲ್ಲ. ಹಾಗಾದರೆ ಯಾವುದರ ಮೇಲೆ?

ಮುಂದಿನ ಮಂಗಳವಾರ ಅವಳು ಕಿಟಕಿ ತೆರೆದಿಟ್ಟು, ಪರದೆ ಎಳೆದು, ಕಾದಳು. ದೂಜ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ತುಳು. ಅವಳಿಗೆ ಒಂದಕ್ಷರ ಬಾರದು. ಆದರೂ ಒಂದು ಸಾಲನ್ನು ಅವನು ಮೂರು ಸಲ ಹೇಳಿದ್ದರಿಂದ ಕಿವಿಗೆ ಅಂಟಿತು.

"ಐತಮಾಮ, ಎನ್ನ ಇಲ್ಲ್ ತೂಯೆರೆ ಬಲೆ. ಒರ ಬಲೆ ಮಾಮ."

ಎನ್ನ. ಅತ್ತಿ ದಿನಾ ಬೆಳಿಗ್ಗೆ ಹೇಳುವ ವಚನಗಳಲ್ಲಿ ಎನ್ನ ಎಂದರೆ ನನ್ನ. ಮುಂದಿನದು ಇಲ್ಲ ಎಂದಂತೆ ಕೇಳಿಸಿತು. ಕೊನೆಯದು ಮಾತ್ರ ಸ್ಪಷ್ಟ: ಬಲೆ. ಹಾಡಹಗಲೇ, ನಮ್ಮ ಮೆಟ್ಟಿಲ ಮೇಲೆ ಕೂತು, ಬಲೆ ಬಲೆ ಎನ್ನುತ್ತಿದ್ದಾನೆ. ಅವಳು ಕೇಳಿದ್ದನ್ನು ಕೇಳಿದಂತೆಯೇ ಚೀಟಿಯಲ್ಲಿ ಬರೆದುಕೊಂಡಳು.

ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಆ ಚೀಟಿಯನ್ನು ಯಕ್ಷಿತಾಳ ಮುಂದಿಟ್ಟಳು. ಯಕ್ಷಿತಾ ಮಂಗಳೂರಿನ ಕಡೆಯವಳು, ಹುಟ್ಟಿ ಬೆಳೆದದ್ದು ಅಂಧೇರಿಯಲ್ಲಿ.

"ಇದರಾಗ ಬಲೆ ಅಂದ್ರ?"

"ಅರೆ ಯಾರ್, ಇದು ಮೀನಿನ ಬಲೆ ಅಲ್ಲ! ತುಳುವಲ್ಲಿ ಬಲೆ ಅಂದ್ರೆ ಬನ್ನಿ. ರೆಸ್ಪೆಕ್ಟ್ ಕೊಟ್ಟು ಕರೆಯೋದು."

ಶುಭಾಂಗಿಯ ಎದೆಯಿಂದ ಒಂದು ಕಲ್ಲು ಇಳಿಯಿತು. ಇಳಿದದ್ದಕ್ಕೆ ಅವಳಿಗೇ ಆಶ್ಚರ್ಯ. ಇಷ್ಟು ದೊಡ್ಡ ಕಲ್ಲಿತ್ತೆಂದು ಗೊತ್ತಿರಲಿಲ್ಲ.

"ಮತ್ತ ಈ ಇಲ್ಲ ಅನ್ನೂದು?"

"ಇಲ್ಲ ಅಲ್ಲ, ಇಲ್ಲ್. ಅಂದ್ರೆ ಮನೆ. ತೂಯೆರೆ, ನೋಡ್ಲಿಕ್ಕೆ. 'ನನ್ನ ಮನೆ ನೋಡ್ಲಿಕ್ಕೆ ಬನ್ನಿ.' ಸೋ ಸ್ವೀಟ್! ಯಾರು ಕರೆದಿದ್ದು?"

ಶುಭಾಂಗಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. ಇಳಿದ ಕಲ್ಲು ಇನ್ನೊಂದನ್ನು ಕರೆದುಕೊಂಡು ಮೇಲೆ ಬಂದಿತ್ತು. ನನ್ನ ಮನೆ. ನಮ್ಮ ಪೋರ್ಚಿನಲ್ಲಿ ಕೂತು ನನ್ನ ಮನೆ. ಚೇತನ ಟೆರೇಸನ್ನಾದರೂ ಕೇಳಿದ್ದ. ಇವನು ಕೇಳದೆಯೇ ನಂಟರನ್ನು ನೋಡಲು ಕರೆಯುತ್ತಿದ್ದಾನೆ.

"ಏನಾಯ್ತು? ಬ್ಯಾಡ್ ನ್ಯೂಸಾ?" ಯಕ್ಷಿತಾ ಕೇಳಿದಳು.

"ಇಲ್ಲ" ಎಂದಳು ಶುಭಾಂಗಿ. ಡಬ್ಬಿಯಲ್ಲಿದ್ದ ಚಪಾತಿಯನ್ನು ಹಾಗೇ ಮುಚ್ಚಿದಳು. ಮೋಸ ಹೋಗಲಿದ್ದೆ ಎಂಬ ಸಿಟ್ಟಿಗಿಂತ, ಇಸ್ತ್ರಿಗೆ ಬಟ್ಟೆ ಮುಗಿದ ಮೇಲೂ ತಾನು ಕಿಟಕಿಯ ಬಳಿ ಯಾಕೆ ನಿಂತಿದ್ದೆ ಎಂಬ ಪ್ರಶ್ನೆಯೇ ಹೆಚ್ಚು ನೋಯಿಸಿತು.

ಗುರುವಾರ ನೆಟ್ ಮೀಟರ್ ಬಂದು ಕೂತಿತು. ಇನ್ನು ಉಳಿದ ಕರೆಂಟು ತಂತಿ ಹಿಡಿದು ಹೊರಗೆ ಹೋಗಿ ಬಿಲ್ಲಿನಲ್ಲಿ ಜಮೆಯಾಗುತ್ತದೆ.

"ಪಾಪ, ಆ ಹುಡುಗಗ ಹೇಳಬೇಕಲ್ಲ" ಎಂದಳು ಚನ್ನವ್ವ.

"ನಾ ಹೇಳತೇನಿ."

ಅತ್ತಿ ಅವಳ ಮುಖವನ್ನು ಒಂದು ಸಲ ನೋಡಿದಳು. "ಹೇಳು. ಆದ್ರ ಕ್ಲೇಮ್ ಕ್ಯಾನ್ಸಲ್ ಮಾಡಿದಂಗ ಹೇಳಬ್ಯಾಡ" ಎಂದಳು.

ಶುಕ್ರವಾರ ಹನ್ನೊಂದೂವರೆಗೆ ಹಸಿರು ಕಾರು ಒಳಗೆ ಬಂತು. ದೂಜ ಇಳಿದು, ಎಂದಿನಂತೆ ವೈರಿನ ತುದಿಯನ್ನು ಕರವಸ್ತ್ರದಿಂದ ಒರೆಸಿದ. ಚುಚ್ಚಲು ಬಗ್ಗಿದವನ ಮುಂದೆ ಶುಭಾಂಗಿ ನಿಂತಿದ್ದಳು. ಕೈಯಲ್ಲಿ ಆ್ಯಪಿನ ಪ್ರಿಂಟೌಟು ಮತ್ತು ಪೆನ್ನು.

"ಇವತ್ತು ಹಚ್ಚಬ್ಯಾಡ್ರಿ. ನೆಟ್ ಮೀಟರ್ ಬಂದೈತಿ."

"ಓ." ಅವನ ಕೈ ನಿಧಾನಕ್ಕೆ ಇಳಿಯಿತು. "ಬಂತಾ. ಒಳ್ಳೇದಾಯ್ತು." ದನಿಯಲ್ಲಿ ಒಳ್ಳೆಯದರ ಸುಳಿವೇ ಇರಲಿಲ್ಲ.

"ಇನ್ನೊಂದು ಕೇಳತೇನಿ. ಒಂದು ತಿಂಗಳಾತು, ನಿಮ್ಮ ಗಾಡಿ ತುಂಬೇ ಬರತೈತಿ. ಎಲ್ಲಿ ತುಂಬಸ್ತೀರಿ?"

ಅವನ ಕಿವಿಯ ತುದಿ ಕೆಂಪಾಯಿತು. "ನಮ್ಮ ಸೊಸೈಟಿಯಲ್ಲಿ. ಪಾಯಿಂಟ್ ಕೊಟ್ರು. ಒಂದು ತಿಂಗಳು ಆಯ್ತು."

"ಮತ್ತ ಇಲ್ಲಿಗ್ಯಾಕ ಬರ್ತೀರಿ?"

ದೂಜ ವೈರಿನ ತುದಿಯನ್ನು ಇನ್ನೊಮ್ಮೆ ಒರೆಸಿದ. ಅಲ್ಲಿ ಒರೆಸಲು ಏನೂ ಇರಲಿಲ್ಲ.

"ನಾನ ಹೇಳಲೇನು?" ಅವಳು ಒಂದಕ್ಷರ ತಪ್ಪದಂತೆ ಹೇಳಿದಳು. "ಎನ್ನ ಇಲ್ಲ್ ತೂಯೆರೆ ಬಲೆ."

ಅವನ ಕಣ್ಣು ಅರಳಿದವು. "ನಿಮಗೆ ತುಳು ಬರ್ತದಾ?"

"ಬೇಕಾದಷ್ಟು ಬರತೈತಿ. ನಮ್ಮ ಮೆಟ್ಟಲ ಮ್ಯಾಲೆ ಕುಂತು ಯಾರ ಮನಿ ತೋರಸಾಕ ಕರದಿದ್ರಿ? ಅತ್ತಿ ವಯಸ್ಸಾದಾಕಿ, ನಂಬತಾಳ. ನಾ ನಂಬೂದಿಲ್ಲ. ಈ ಮನಿ ನಮ್ಮಪ್ಪ ಕಟ್ಟಿಸಿದ್ದು. ಇದಕ್ಕ ಯಾರೂ ಬಂದು ನನ್ನ ಮನಿ ಅನ್ನಂಗಿಲ್ಲ!"

ದೂಜ ಅವಳನ್ನು ನೋಡಿದ. ಅವಳ ಹಿಂದಿನ ಮನೆಯನ್ನು ನೋಡಿದ, ತಾರಸಿಯನ್ನು ನೋಡಿದ, ಈವರೆಗೆ ಅದರ ಮೇಲೆ ಗಮನವೇ ಹೋಗದವನಂತೆ. ಆಮೇಲೆ ತಿರುಗಿ ಗೇಟಿನಾಚೆ, ರಸ್ತೆಯಾಚೆ ಬೆರಳು ಮಾಡಿದ.

"ಅದು. ನಾಲ್ಕನೇ ಮಾಳಿಗೆ, ಫೋರ್ ನಾಟ್ ಥ್ರೀ. ಒಂದು ರೂಮು, ಒಂದು ಕಿಚನ್. ಹೋದ ವರ್ಷ ತಗೊಂಡದ್ದು. ಅದು ನನ್ನ ಇಲ್ಲ್." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಜಿಗವಿತ್ತು. "ಮೇಡಂ, ಇಡೀ ಮುಂಬೈಯಲ್ಲಿ ಮನೆ ಅಂದ್ರೆ ನಿಮ್ಮದೊಂದೇಯಾ?"

ಎದುರಿನ ಬಿಲ್ಡಿಂಗು ಶುಭಾಂಗಿ ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಅದರಲ್ಲಿ ಮನೆಗಳಿವೆ, ಅವನ್ನೂ ಜನ ನನ್ನದು ಎನ್ನುತ್ತಾರೆ ಎಂಬುದು ಅವಳ ಲೆಕ್ಕಕ್ಕೆ ಬಂದೇ ಇರಲಿಲ್ಲ. ನೆರಳಿನ ದಿಕ್ಕು ನೋಡುವವಳು ಎದುರಿನ ದಿಕ್ಕು ನೋಡಿರಲಿಲ್ಲ.

"ಹಂಗಾದ್ರ ಮಾಮನ್ನ ಯಾಕ ಕರದಿದ್ರಿ?" ದನಿ ಸಣ್ಣಗಾಗಿತ್ತು, ವಿಚಾರಣೆ ಮಾತ್ರ ನಿಂತಿರಲಿಲ್ಲ.

"ನಮ್ಮಲ್ಲಿ ಹೆಣ್ಣಿನ ಕಡೆಯವರನ್ನು ಮನೆ ನೋಡ್ಲಿಕ್ಕೆ ಕರೀತಾರೆ. ನಿಮ್ಮಲ್ಲಿ ಇಲ್ವಾ?"

"ನಮ್ಮಲ್ಲೂ ಐತಿ. ಮನಿ ನೋಡೂದು."

"ಹಾಂ, ಅದೇ. ಕರೆಯುವಾಗ ಮನೆಯಲ್ಲಿ ಒಬ್ಬ ಹಿರಿಯರು ಬೇಕಲ್ವಾ? ನನಗೆ ಇರುವುದು ಐತಮಾಮ ಒಬ್ಬರೇ, ಕಾಪುವಿನಲ್ಲಿ. ಅವರು ಬಂದ ಮೇಲೆ ಅಮ್ಮನ ಹತ್ರ ಕೇಳುವ ಅಂತಿದ್ದೆ."

"ಯಾವ ಅಮ್ಮ?"

"ನಿಮ್ಮ ಅತ್ತೆ."

"ಯಾರ ಸಲುವಾಗಿ?"

"ಎಂತ ಮಾರಾಯ್ರೆ, ಇನ್ನೂ ಡೌಟಾ?" ಅವನು ನಗಲು ಹೋದ, ಆಗಲಿಲ್ಲ. "ಮಂಗಳವಾರ, ಶುಕ್ರವಾರ ನೀವು ಮನೆಯಲ್ಲಿರ್ತೀರಿ ಅಂತ ಬರೋದು. ಬೇರೆ ದಿವಸ ಬಂದ್ರೆ ಬರೀ ಕರೆಂಟ್ ಸಿಗ್ತದೆ. ಬಾಯಿಬಿಟ್ಟು ಹೇಳ್ಬೇಕಾ?"

"ಬರದು ಕೊಟ್ರೂ ನಡೀತೈತಿ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ನೋಡಿ ಅವಳು ಬೆಚ್ಚಿದಳು. ದೂಜ ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಕಾರಿನ ಬಾನೆಟ್ಟಿನ ಮೇಲೆ ಪ್ರಿಂಟೌಟು ಇಟ್ಟು, ಯೂನಿಟ್ಟುಗಳ ಕೊನೆಯ ಸಾಲಿನ ಕೆಳಗೆ, 'ಕಾರಣ' ಎಂದು ಬರೆದು ಎರಡು ಚುಕ್ಕೆ ಇಟ್ಟ. ಮುಂದೆ ಅವಳ ಹೆಸರು. ಮುಂಬೈಯ ಇಂಗ್ಲಿಷ್ ಶಾಲೆಯಲ್ಲಿ ಓದಿದವನ ಕನ್ನಡ. ಶುಭಾಂಗಿ ಹೋಗಿ ಶುಬಾಂಗಿ ಆಗಿತ್ತು. ಒಂದಕ್ಷರ ತಪ್ಪಿದರೆ ಅರ್ಜಿ ವಾಪಸು ಕಳಿಸುವವಳು ಆ ತಪ್ಪನ್ನು ಬಹಳ ಹೊತ್ತು ನೋಡಿದಳು. ತಿದ್ದಲಿಲ್ಲ.

ಆದರೂ ಹುಟ್ಟುಗುಣ.

"ಮನಿ ನೋಡಬೇಕು" ಎಂದಳು. "ಈಗ."

"ಈಗಾ? ಮಾಮ ಬರ್ಲಿಲ್ಲ, ನಾನು ಕ್ಲೀನ್ ಮಾಡ್ಲಿಲ್ಲ."

"ಅದಕ್ಕ ಈಗ. ತನಿಖಿ ಅಂದ್ರ ಮೊದಲ ಹೇಳಿ ಮಾಡೂದಲ್ಲ."

ಬಾಗಿಲಲ್ಲಿ ಚನ್ನವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಹೋಗಿ ಬಾರವಾ. ಊಟದ ಹೊತ್ತಿಗೆ ಬಾ" ಎಂದವಳೇ ಒಳಗೆ ಹೋದಳು. ಒಳಗಿನಿಂದ ಅವಳ ನಗು ಹೊರಗೆ ಬಂತು.

ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತುವಾಗ ಅವನು ಎರಡು ಮೆಟ್ಟಿಲು ಮುಂದೆ, ಅವಳು ಹಿಂದೆ. ಪ್ರತಿ ತಿರುವಿನಲ್ಲಿ ಅವನು ನಿಂತು, ಬರುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದ. ಪ್ರತಿ ತಿರುವಿನಲ್ಲೂ ಅವಳು ಗೋಡೆ ನೋಡುತ್ತಿದ್ದಳು.

ಬೀಗ ತೆಗೆದು ಅವನು ಬಾಗಿಲ ಹೊರಗೇ ಉಳಿದ. "ನೀವು ನೋಡಿ. ನಾನು ಇಲ್ಲೇ ಇರ್ತೇನೆ." ಬಾಗಿಲನ್ನು ಪೂರ್ತಿ ತೆರೆದೇ ಬಿಟ್ಟ. ಅವಳು ಅದನ್ನೂ ಗಮನಿಸಿದಳು.

ಮಂಚದ ಮೇಲೆ ಮಡಿಸದ ಹೊದಿಕೆ. ಹಗ್ಗದ ಮೇಲೆ ಹೋಟೆಲಿನ ಎರಡು ಬಿಳಿ ಅಂಗಿ. ಒಲೆ ಸ್ವಚ್ಛವಾಗಿತ್ತು, ಹೋಟೆಲಿನವನ ಮನೆಯ ಒಲೆ ಯಾವಾಗಲೂ ಸ್ವಚ್ಛ. ಅವಳು ಯಾವುದನ್ನೂ ಮುಟ್ಟದೆ ಸೀದಾ ಕಿಟಕಿಯ ಹತ್ತಿರ ಹೋದಳು. ಮೆಟ್ಟಿಲು ಹತ್ತುವಾಗಲೇ ಅವಳಿಗೆ ಖಾತ್ರಿಯಾಗಿತ್ತು. ನಾಲ್ಕನೇ ಮಹಡಿಯ ಈ ಕಿಟಕಿಯಿಂದ ತನ್ನ ಕೋಣೆ, ತನ್ನ ಪರದೆ, ತಾರಸಿಯ ಒಂದೊಂದು ಪ್ಯಾನೆಲ್ಲು ಕಾಣುತ್ತದೆ ಎಂದು.

ಕಿಟಕಿಯಾಚೆ ಇನ್ನೊಂದು ಬಿಲ್ಡಿಂಗಿನ ಬೆನ್ನಿತ್ತು. ಪಾಚಿ ಹಿಡಿದ ಪೈಪು, ಒಂದು ಎಸಿ ಡಬ್ಬ, ಅದರ ಮೇಲೊಂದು ಪಾರಿವಾಳ.

"ಇಲ್ಲಿಂದ ನಮ್ಮ ಮನಿ ಕಾಣಂಗಿಲ್ಲ."

"ಇಲ್ಲ" ಎಂದ ಅವನು ಹೊಸ್ತಿಲಾಚೆಯಿಂದ.

"ಒಂದ ಚೂರೂ?"

"ಬಗ್ಗಿ ನೋಡಿದ್ರೂ ಇಲ್ಲ. ನಾನು ನೋಡಿದ್ದೇನೆ." ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸುತ್ತ ಹೇಳಿದ. "ಕಾಣ್ತಿದ್ರೆ ತುಂಬಿದ ಕಾರು ತಕ್ಕೊಂಡು ಯಾಕೆ ಬರ್ತಿದ್ದೆ ಶುಭಾಂಗಿ?"

ಮೇಡಂ ಎಲ್ಲೋ ಮೆಟ್ಟಿಲ ಮೇಲೆ ಉಳಿದುಹೋಗಿತ್ತು. ಪೆನ್ನಿನಲ್ಲಿ ತಪ್ಪಿದ ಅಕ್ಷರ ಬಾಯಲ್ಲಿ ಸರಿಯಾಗಿ ಬಂದಿತ್ತು. ಅವಳು ಕಿಟಕಿಯ ಕಂಬಿ ಹಿಡಿದು ಪಾರಿವಾಳವನ್ನೇ ನೋಡುತ್ತ ನಿಂತಳು, ಮುಖದಲ್ಲಿ ಬಂದದ್ದು ಇಳಿಯುವತನಕ. ಅದು ಇಳಿಯಲಿಲ್ಲ. ಕೊನೆಗೆ ಹಾಗೆಯೇ ತಿರುಗಿದಳು.

"ಐತಮಾಮ ಯಾವತ್ತು ಬರ್ತಾರ?"

"ನಾಳೆ ಬೆಳಿಗ್ಗೆ. ಟ್ರೈನಿಗೆ."

"ಹಂಗಾದ್ರ ಐತವಾರ ನಾವು ಬರ್ತೇವಿ. ಅತ್ತಿ, ನಾನು."

"ಸಂಡೇ?" ಅವನು ನಕ್ಕ, ಈ ಸಲ ತಡೆಯಿಲ್ಲದೆ. "ಮಾಮ ಹುಟ್ಟಿದ್ದೇ ಐತಾರ. ಅದಕ್ಕೇ ಅವರಿಗೆ ಐತ ಅಂತ ಹೆಸರು." ಆಮೇಲೆ ನಗು ಮೆಲ್ಲಗೆ ನಿಂತಿತು. ಬಾಗಿಲ ಚೌಕಟ್ಟನ್ನು ಹಿಡಿದು, ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಕೇಳಿದ. "ಅಂದ್ರೆ... ಮನೆ ಪಾಸಾ?"

ಶುಭಾಂಗಿ ಅಡಿಗೆಮನೆಯ ಕಪಾಟಿನತ್ತ ಒಮ್ಮೆ ನೋಡಿ, ಅವನನ್ನು ದಾಟಿ ಹೊರಗೆ ಬಂದಳು. ದಾಟುವಾಗ ಸೆರಗು ಅವನ ಕೈಗೆ ತಾಗಿತು. ಅವಳು ಎಳೆದುಕೊಳ್ಳಲಿಲ್ಲ.

"ಚಾದ ಕಪ್ಪು ಎರಡ ಅದಾವ" ಎಂದಳು. "ಇನ್ನೆರಡು ತಂದಿಡ್ರಿ."